ಆಡಿಟರು ಎಷ್ಟು ದಿನ ಕೂತಿದ್ದರು?

1993ರ ಮಳೆಗಾಲದಲ್ಲಿ ನಾನು ಆರ್ಟಿಕಲ್ ಕ್ಲರ್ಕ್ ಆಗಿ, ಅಂದರೆ ಸಿಎ ಓದುತ್ತ ಕೆಲಸ ಕಲಿಯುವ ಹುಡುಗನಾಗಿ ಸೇರಿಕೊಂಡ ಆಫೀಸು ಮುಂಬೈ ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿತ್ತು. ನಮ್ಮ ಸರ್ ಕುಂದಾಪುರದ ಕಡೆಯವರು. ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಎಸ್ಸೆಸ್ಸಿ ಮುಗಿಸಿ, ಮುಂದೆ ಚಾರ್ಟರ್ಡ್ ಅಕೌಂಟೆಂಟ್ ಆದ ಆ ತಲೆಮಾರಿನವರಲ್ಲಿ ಅವರೂ ಒಬ್ಬರು. ಕಂಪನಿಗಳ ಲೆಕ್ಕಪತ್ರ ಸರಿಯಿದೆಯೇ ಎಂದು ಹೊರಗಿನವರಾಗಿ ಪರಿಶೀಲಿಸುವುದು, ಅಂದರೆ ಆಡಿಟ್, ನಮ್ಮ ಕೆಲಸ. ಅವರ ಆಫೀಸಿನಲ್ಲಿ ಮುರಿಯಬಾರದ ನಿಯಮವೊಂದಿತ್ತು. ಮಾರ್ಚ್ 31ಕ್ಕೆ ಬಾಕಿ ಎಷ್ಟಿದೆ ಎಂದು ಬ್ಯಾಂಕುಗಳನ್ನೂ ಬಾಕಿದಾರರನ್ನೂ ಕೇಳಿ ಬರೆಯುವ ದೃಢೀಕರಣ ಪತ್ರಗಳಿಗೆ ಕಂಪನಿಯವರ ಸಹಿ ಬಿದ್ದ ಕೂಡಲೇ ಅವು ನಮ್ಮ ಕೈ ಸೇರಬೇಕು. ನಾವೇ ಲಕೋಟೆಗೆ ಹಾಕಿ, ನಾವೇ ಅಂಟಿಸಿ, ನಾವೇ ನಡೆದು ಹೋಗಿ ಅಂಚೆಗೆ ಹಾಕಬೇಕು. ಉತ್ತರ ಬರಬೇಕಾದ ವಿಳಾಸ ನಮ್ಮ ಆಫೀಸಿನದ್ದೇ ಆಗಿರಬೇಕು. ಆಗಿನ್ನೂ ವಿ.ಟಿ. ಎಂದೇ ಕರೆಯುತ್ತಿದ್ದ ರೈಲು ನಿಲ್ದಾಣದ ಪಕ್ಕದ ದೊಡ್ಡ ಅಂಚೆ ಕಚೇರಿ ಜಿಪಿಒಗೆ ಏಪ್ರಿಲ್ ಬಿಸಿಲಿನಲ್ಲಿ ಅರವತ್ತು ಎಪ್ಪತ್ತು ಲಕೋಟೆಗಳ ಕಟ್ಟು ಹಿಡಿದು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ವಿಜಾಪುರದ ಗೋಳಗುಮ್ಮಟವನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ ಆ ಗುಮ್ಮಟದ ಕೆಳಗೆ ಸಾಲಿನಲ್ಲಿ ನಿಂತು, ಇಷ್ಟು ಸಣ್ಣ ಕೆಲಸಕ್ಕೆ ಒಂದು ಮಧ್ಯಾಹ್ನ ಹಾಳಾಯಿತಲ್ಲ ಎಂದು ಬೇಸರಪಡುತ್ತಿದ್ದೆ. ಕಂಪನಿಯ ಅಕೌಂಟೆಂಟರು ಪ್ರತಿ ವರ್ಷವೂ ಪ್ರೀತಿಯಿಂದಲೇ ಹೇಳುತ್ತಿದ್ದರು: ನಮ್ಮ ಪ್ಯೂನ್ ಹೇಗೂ ಬ್ಯಾಂಕಿಗೆ ಹೋಗುತ್ತಾನೆ, ಅವನ ಕೈಯಲ್ಲಿ ಕೊಡಿ, ಸಂಜೆಯೊಳಗೆ ಉತ್ತರ ತರುತ್ತಾನೆ. ಸರ್ ಒಪ್ಪುತ್ತಿರಲಿಲ್ಲ. ಆ ಪತ್ರ ಕಂಪನಿಯ ಕೈ ದಾಟಿ ಬಂದರೆ ಅದು ಕಂಪನಿಯ ಮಾತೇ ಹೊರತು ಬ್ಯಾಂಕಿನ ಮಾತಲ್ಲ ಎನ್ನುತ್ತಿದ್ದರು.

ಅವರ ಮಾತಿನ ತೂಕ ನನಗೆ ತಿಳಿದದ್ದು ಹದಿನಾರು ವರ್ಷಗಳ ಮೇಲೆ. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಕೊಂಡು ಬರೆದ ಪತ್ರ ಹೊರಬಿತ್ತು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಇಷ್ಟು ದೊಡ್ಡ ಸುಳ್ಳು ವರ್ಷಗಟ್ಟಲೆ ಹೇಗೆ ಉಳಿಯಿತು ಎಂಬುದಕ್ಕೆ 2011ರ ಏಪ್ರಿಲ್‌ನಲ್ಲಿ ಅಮೆರಿಕದ ನಿಯಂತ್ರಕರು ಸತ್ಯಂನ ಆಡಿಟ್ ಮಾಡಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳ ಮೇಲೆ ಹೊರಡಿಸಿದ ಆದೇಶಗಳಲ್ಲಿ ಉತ್ತರವಿತ್ತು: ಬ್ಯಾಂಕುಗಳಿಗೆ ಹೋಗಬೇಕಾದ ದೃಢೀಕರಣ ಪತ್ರಗಳನ್ನು ಕಳುಹಿಸುವ ಮತ್ತು ಉತ್ತರ ಪಡೆಯುವ ಕೆಲಸವನ್ನು ಆಡಿಟರುಗಳು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿರಲಿಲ್ಲ. ಅದನ್ನು ಓದಿದಾಗ ಜಿಪಿಒದ ಆ ಸಾಲು ನೆನಪಾಯಿತು. ಬೃಹತ್ ವಂಚನೆಯೊಂದಕ್ಕೂ ಅದರ ಪತ್ತೆಗೂ ನಡುವೆ ಇದ್ದದ್ದು ಒಂದು ಮಧ್ಯಾಹ್ನದ ಬೇಸರದ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಜಾಣತನವಲ್ಲ, ಹೊತ್ತು. ಹೊತ್ತಿಗೆ ಬೆಲೆಯಿದೆ, ಆ ಬೆಲೆಯನ್ನು ಯಾರೋ ಒಬ್ಬರು ಕೊಡಬೇಕು.

ಆಡಿಟಿನ ಗುಣಮಟ್ಟ ಎಂದರೇನು ಎಂಬುದಕ್ಕೆ ಲಿಂಡಾ ಡಿಏಂಜೆಲೊ ಎಂಬ ವಿದ್ವಾಂಸೆ 1981ರಲ್ಲಿ ಕೊಟ್ಟ ವ್ಯಾಖ್ಯೆಯನ್ನೇ ಇಂದಿಗೂ ಈ ವಿಷಯದ ಅಧ್ಯಯನಗಳು ಎತ್ತಿಕೊಳ್ಳುತ್ತವೆ. ಲೆಕ್ಕದಲ್ಲಿರುವ ತಪ್ಪನ್ನು ಆಡಿಟರು ಕಂಡುಹಿಡಿಯುವ ಸಂಭವ ಮತ್ತು ಕಂಡದ್ದನ್ನು ಹೊರಗೆ ಹೇಳುವ ಸಂಭವ, ಇವೆರಡೂ ಕೂಡಿದ್ದೇ ಗುಣಮಟ್ಟ. ಕಂಡುಹಿಡಿಯಲು ಕೌಶಲ ಬೇಕು, ಹೊತ್ತು ಬೇಕು. ಹೇಳಲು ಸ್ವಾತಂತ್ರ್ಯ ಬೇಕು. ಮೂವತ್ತು ವರ್ಷ ಈ ಕೆಲಸದಲ್ಲಿ ಕಳೆದ ಮೇಲೆ ನನಗೆ ಅನಿಸುವುದು ಇಷ್ಟು: ಇವೆರಡರ ಬೇರೂ ಫೀಸಿನಲ್ಲಿದೆ. ಫೀಸು ತೀರಾ ಕಡಿಮೆಯಾದರೆ ಮೊದಲನೆಯದು ಸಾಯುತ್ತದೆ, ಒಬ್ಬನೇ ಕ್ಲೈಂಟಿನ ಫೀಸು ತೀರಾ ಹೆಚ್ಚಾದರೆ ಎರಡನೆಯದು ಸಾಯುತ್ತದೆ. ಎರಡೂ ನನ್ನ ಆಫೀಸಿನಲ್ಲೇ ನಡೆದಿವೆ.

ಕಡಿಮೆ ಫೀಸಿನ ಮಾತು ಮೊದಲು. ಮಸ್ಜಿದ್ ಬಂದರಿನ ಒಂದು ವ್ಯಾಪಾರಿ ಕಂಪನಿಯ ಆಡಿಟ್ ಆರು ವರ್ಷ ನಮ್ಮಲ್ಲಿತ್ತು. ಫೀಸು 40,000 ರೂಪಾಯಿ. ಏಳನೆಯ ವರ್ಷ ಬೇರೊಬ್ಬ ಸಿಎಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂತು: ಈ ಆಡಿಟನ್ನು ನಾನು ಒಪ್ಪಿಕೊಳ್ಳಲು ವೃತ್ತಿಪರ ಅಡ್ಡಿಯೇನಾದರೂ ಇದೆಯೇ? ಹಿಂದಿನ ಆಡಿಟರಿಗೆ ಹೀಗೆ ಬರೆದು ಕೇಳದೆ ಹೊಸಬರು ಒಪ್ಪಿಕೊಳ್ಳುವಂತಿಲ್ಲ, ಹಿಂದಿನವರಿಗೆ ತಕರಾರಿಲ್ಲದ ಆಡಿಟ್ ಫೀಸು ಬಾಕಿಯಿದ್ದರೂ ಒಪ್ಪಿಕೊಳ್ಳುವಂತಿಲ್ಲ. ಇವೆರಡೂ ನಮ್ಮ ವೃತ್ತಿಯ ನಿಯಮಗಳೇ. ನಮಗೆ ಬಾಕಿ ಏನೂ ಇರಲಿಲ್ಲ. ಹೊಸಬರ ಫೀಸು 15,000 ಎಂದು ಆಮೇಲೆ ತಿಳಿಯಿತು. ನಾವು ಆ ಆಡಿಟಿಗೆ ಒಬ್ಬ ಸೀನಿಯರ್, ಇಬ್ಬರು ಆರ್ಟಿಕಲ್‌ಗಳು ಒಂಬತ್ತು ದಿನ ಕೂರುತ್ತಿದ್ದೆವು. ಅದರಲ್ಲಿ ಎರಡು ದಿನ ಗೋದಾಮಿನಲ್ಲೇ. 15,000ಕ್ಕೆ ಎಷ್ಟು ದಿನ ಕೂರಬಹುದು ಎಂದು ಆ ರಾತ್ರಿ ಲೆಕ್ಕ ಹಾಕಿದೆ. ಸೀನಿಯರನ ಸಂಬಳ, ಆರ್ಟಿಕಲ್‌ಗಳ ಸ್ಟೈಪೆಂಡ್, ಆಫೀಸಿನ ಬಾಡಿಗೆ, ನನ್ನ ಹೊತ್ತು ಎಲ್ಲ ಸೇರಿದರೆ ಮೂರು ದಿನಕ್ಕೆ ದುಡ್ಡು ಮುಗಿಯುತ್ತಿತ್ತು. ಮೂರು ದಿನದಲ್ಲಿ ವೌಚರುಗಳ ಮೇಲೆ ಹಸಿರು ಟಿಕ್ ಹಾಕಬಹುದು, ಲೆಕ್ಕದ ತಂತ್ರಾಂಶ ಟ್ಯಾಲಿಯಿಂದ ಅಢಾವೆ ತೆಗೆಯಬಹುದು. ಗೋದಾಮಿಗೆ ಹೋಗುವುದಾಗಲಿ, ಲಕೋಟೆಗಳ ಕಟ್ಟು ಹಿಡಿದು ಅಂಚೆ ಕಚೇರಿಗೆ ನಡೆಯುವುದಾಗಲಿ ಆಗುವುದಿಲ್ಲ. ಹೊಸ ಆಡಿಟರನ್ನು ನಾನು ದೂರುವುದಿಲ್ಲ. ಅವರೂ ವರ್ಷಗಳು ಕಳೆದಂತೆ ಫೀಸು ಹೆಚ್ಚೀತು, ಬೇರೆ ಕೆಲಸಗಳು ಬಂದಾವು ಎಂದು ನಂಬಿಯೇ ಒಪ್ಪಿರಬೇಕು. ಮೊದಲ ವರ್ಷ ನಷ್ಟಕ್ಕೆ ಆಡಿಟ್ ಹಿಡಿದವರು ಆ ನಷ್ಟ ತುಂಬುವ ತನಕ ಕ್ಲೈಂಟನ್ನು ಕಳೆದುಕೊಳ್ಳಲಾರರು. ಅಗ್ಗದ ಫೀಸು ಹೊತ್ತನ್ನು ಮಾತ್ರವಲ್ಲದೆ, ನಿಧಾನವಾಗಿ, ಬಾಯಿಯನ್ನೂ ಕಟ್ಟುತ್ತದೆ.

ದೇಶದ ಸಿಎಗಳೆಲ್ಲರ ಸಂಸ್ಥೆಯಾದ ಐಸಿಎಐ ಕನಿಷ್ಠ ಫೀಸಿನ ಶಿಫಾರಸು ಪಟ್ಟಿಯನ್ನು ಹೊರಡಿಸುತ್ತದೆ. ಅದು ಬರೀ ಶಿಫಾರಸು. ಪಾಲಿಸಲೇಬೇಕೆಂದಿಲ್ಲ.

ಇನ್ನು ಎರಡನೆಯದು. ಇದನ್ನು ಬರೆಯಲು ನನಗೆ ಸುಲಭವಿಲ್ಲ.

2011ರಲ್ಲಿ, ಸತ್ಯಂ ಪ್ರಕರಣದ ಬಿಸಿ ಇನ್ನೂ ಆರದಿದ್ದಾಗ, ಮೂವರು ಅಣ್ಣತಮ್ಮಂದಿರು ನಡೆಸುತ್ತಿದ್ದ ಹೋಟೆಲುಗಳು ಮತ್ತು ಒಂದು ಮಸಾಲೆ ಪದಾರ್ಥಗಳ ಕಂಪನಿ ನನ್ನ ಆಫೀಸಿನ ದೊಡ್ಡ ಕ್ಲೈಂಟುಗಳಾಗಿದ್ದವು. ಆಡಿಟ್, ಆದಾಯ ತೆರಿಗೆ, ವ್ಯಾಟ್, ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ವರದಿ ಎಲ್ಲ ಸೇರಿ ನನ್ನ ಒಟ್ಟು ಆದಾಯದಲ್ಲಿ ನೂರಕ್ಕೆ ನಲವತ್ತು ಪಾಲು ಅವರಿಂದಲೇ ಬರುತ್ತಿತ್ತು. ಅವರು ನಮ್ಮ ಊರಿನ ಕಡೆಯವರು. ಮಾಟುಂಗದಲ್ಲಿ ಕನ್ನಡದ ಕಾರ್ಯಕ್ರಮವಿದ್ದರೆ, ಯಕ್ಷಗಾನವಿದ್ದರೆ ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು. ಅವರ ಮನೆಯ ಮದುವೆಗಳಿಗೆ ನನ್ನ ಹೆಂಡತಿ ಮಕ್ಕಳು ಎರಡು ದಿನ ಮೊದಲೇ ಹೋಗುತ್ತಿದ್ದರು.

ಆ ವರ್ಷ ಮಾರ್ಚ್ 31ರ ಸಂಜೆ ದಾಸ್ತಾನು ಎಣಿಸಲು ನನ್ನ ಆರ್ಟಿಕಲ್ ಹುಡುಗನೊಬ್ಬ ಭಿವಂಡಿಯ ಗೋದಾಮಿಗೆ ಹೋಗಿದ್ದ. ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಕೆಮ್ಮುತ್ತ ಒಣಮೆಣಸಿನಕಾಯಿ ಚೀಲಗಳನ್ನು ಎಣಿಸುವಾಗ ಅವನು ಹೊರಗಿನಿಂದ ಅಡ್ಡ, ಉದ್ದ, ಎತ್ತರ ಗುಣಿಸಿ ಸುಮ್ಮನಾಗಲಿಲ್ಲ. ಏಣಿ ತರಿಸಿ ಥಪ್ಪಿಯ ಮೇಲೆ ಹತ್ತಿದ. ಹೊರಸುತ್ತಿನ ಚೀಲಗಳು ಮಾತ್ರ ಸೂರಿನ ತನಕ ಏರಿದ್ದವು, ನಡುವೆ ಬಾವಿಯಂತೆ ಖಾಲಿ. ರಿಜಿಸ್ಟರಿನಲ್ಲಿ 1,840 ಚೀಲವಿತ್ತು, ಅವನು ಎಣಿಸಿದ್ದು 1,310. ಬೆಲೆಯಲ್ಲಿ ಸುಮಾರು 23 ಲಕ್ಷದ ವ್ಯತ್ಯಾಸ. ಎಣಿಕೆಯ ಹಾಳೆಗೆ ಗೋದಾಮಿನ ಮುನೀಮನ ಸಹಿಯನ್ನೂ ಹಾಕಿಸಿಕೊಂಡು ಬಂದಿದ್ದ. ಇಪ್ಪತ್ತರ ಹರೆಯದ ಆ ಹುಡುಗ ತನ್ನ ಪಾಲಿನ ಕೆಲಸವನ್ನು ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಮಾಡಿದ್ದ.

ನಾನು ಹಿರಿಯಣ್ಣನನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ದಾಸ್ತಾನಿನ ಆಧಾರದ ಮೇಲೆ ಬ್ಯಾಂಕು ಕೊಡುವ ಸಾಲದ, ಅಂದರೆ ಕ್ಯಾಶ್ ಕ್ರೆಡಿಟ್‌ನ ಮಿತಿ ಕಡಿಮೆಯಾಗದಿರಲಿ ಎಂದು ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲಿ ಹೆಚ್ಚು ತೋರಿಸಿದ್ದರು, ಪುಸ್ತಕವನ್ನೂ ಅದಕ್ಕೆ ಹೊಂದಿಸಿದ್ದರು.

"ಮಾರಾಯ್ರೇ, ನೀವು ನಮ್ಮವರೇ ಅಲ್ವಾ," ಎಂದರು. "ಜೂನ್ ಒಳಗೆ ಮಾಲು ಬಂದು ಬೀಳ್ತದೆ. ಈಗ ನೀವು ಬರೆದ್ರೆ ಬ್ಯಾಂಕಿನವರು ಲಿಮಿಟ್ ಇಳಿಸ್ತಾರೆ, ನಲವತ್ತು ಹುಡುಗರ ಸಂಬಳ ನಿಲ್ತದೆ."

ಬೆದರಿಕೆಯ ಒಂದು ಮಾತೂ ಇರಲಿಲ್ಲ, ಆಮಿಷವೂ ಇರಲಿಲ್ಲ. ನಾನು ಮನೆಗೆ ಬಂದು ಎರಡು ರಾತ್ರಿ ಯೋಚಿಸಿದೆ ಎಂದರೆ ಅದು ಪೂರ್ತಿ ನಿಜವಾಗದು. ಆಫೀಸಿನ ಬಾಡಿಗೆ, ಇಬ್ಬರು ಸಹಾಯಕರ ಸಂಬಳ, ಮಗಳ ಕಾಲೇಜಿನ ಫೀಸು ಇವುಗಳ ಲೆಕ್ಕವನ್ನೇ ಎರಡು ರಾತ್ರಿಯೂ ಹಾಕಿದೆ. ಕೊನೆಗೆ ದಾಸ್ತಾನಿನ ಮೊತ್ತದ ಎದುರು ನಮ್ಮ ವೃತ್ತಿಯಲ್ಲಿ ಹಳೆಯ ಕಾಲದಿಂದ ಓಡಾಡುತ್ತಿರುವ ಒಂದು ಸಾಲನ್ನು ಬರೆಯಿಸಿ ಸಹಿ ಹಾಕಿದೆ: "ಆಡಳಿತದವರು ಎಣಿಸಿ, ಬೆಲೆಕಟ್ಟಿ, ದೃಢೀಕರಿಸಿದಂತೆ." ಆ ಸಾಲಿನಲ್ಲಿ ಸುಳ್ಳು ಇಲ್ಲ. ನಾವು ಎಣಿಸಿದ್ದೇವೆ, ನಮ್ಮ ಎಣಿಕೆ ಬೇರೆಯಿದೆ ಎಂಬುದನ್ನು ಅದು ಹೇಳುವುದಿಲ್ಲ, ಅಷ್ಟೇ. ಆರ್ಟಿಕಲ್ ಹುಡುಗ ಕರಡನ್ನು ಓದಿ ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ.

ಮರುವರ್ಷ ವ್ಯತ್ಯಾಸ ಇನ್ನೂ ಹೆಚ್ಚಿತ್ತು. ಈ ಸಲ ವರದಿಯಲ್ಲಿ ಬರೆಯುತ್ತೇನೆ ಎಂದೆ, ಬರೆದೆ. ಅವರು ಸಿಟ್ಟಾಗಲಿಲ್ಲ, ಚಹಾ ಕುಡಿಸಿಯೇ ಕಳುಹಿಸಿದರು. ವಾರ್ಷಿಕ ಮಹಾಸಭೆಗೆ ಮೊದಲು ಇನ್ನೊಬ್ಬ ಸಿಎಯ ಪತ್ರ ಬಂತು. ನಾನು ಕಾರಣಗಳನ್ನೆಲ್ಲ ಬರೆದು ಉತ್ತರಿಸಿದೆ. ಆಡಿಟ್ ಹೋಯಿತು, ಅದರ ಹಿಂದೆಯೇ ತೆರಿಗೆಯ ಕೆಲಸವೂ ಹೋಯಿತು. ಇಬ್ಬರು ಸಹಾಯಕರಲ್ಲಿ ಒಬ್ಬರನ್ನು ಬಿಡಬೇಕಾಯಿತು. 2014ರಲ್ಲಿ ಆ ಕಂಪನಿಯ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆದ ಮೇಲೆ ಬ್ಯಾಂಕಿನ ಅಧಿಕಾರಿಯೊಬ್ಬರು ಹಳೆಯ ಅಢಾವೆಗಳನ್ನು ಹಿಡಿದು ನನ್ನ ಆಫೀಸಿಗೆ ಬಂದರು. 2011ರ ಅಢಾವೆಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು, "ಆ ವರ್ಷ ನೀವು ಎಣಿಸಿರಲಿಲ್ಲವೇ?" ಎಂದು ಕೇಳಿದರು. ಎಣಿಸಿದ್ದೆವು ಎಂದೆ. ಅವರು ಮತ್ತೇನೂ ಕೇಳದೆ ಕಾಗದಗಳನ್ನು ಮಡಚಿಕೊಂಡರು.

ಡಿಏಂಜೆಲೊ ಹೇಳಿದ ಎರಡು ಭಾಗಗಳಲ್ಲಿ ಮೊದಲನೆಯದನ್ನು ಏಣಿ ಹತ್ತಿದ ಹುಡುಗ ಮಾಡಿದ್ದ. ಎರಡನೆಯದರಲ್ಲಿ ನಾನು ಸೋತೆ. ಆ ಕ್ಲೈಂಟಿನ ಪಾಲು ನೂರಕ್ಕೆ ನಲವತ್ತರ ಬದಲು ಹತ್ತು ಮಾತ್ರ ಇದ್ದಿದ್ದರೆ ಮೊದಲ ವರ್ಷವೇ ಬರೆಯುತ್ತಿದ್ದೆ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಲೆಕ್ಕದ ವಂಚನೆ ಬಯಲಾಗಿ ಮುಳುಗಿದ ಅಮೆರಿಕದ ಎನ್ರಾನ್ ಕಂಪನಿ 2000ರಲ್ಲಿ ಆರ್ಥರ್ ಆಂಡರ್ಸನ್ ಸಂಸ್ಥೆಗೆ ಆಡಿಟಿಗೆಂದು 2.5 ಕೋಟಿ ಡಾಲರ್, ಸಲಹೆ ಮೊದಲಾದ ಬೇರೆ ಕೆಲಸಗಳಿಗೆಂದು 2.7 ಕೋಟಿ ಡಾಲರ್ ಕೊಟ್ಟಿತ್ತು ಎಂಬ ಅಂಕಿಯನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತೇವೆ. ಆ ಮೊತ್ತಗಳಲ್ಲಿರುವ ಸೊನ್ನೆಗಳನ್ನು ತೆಗೆದರೆ ಉಳಿಯುವುದು ನನ್ನ ಆಫೀಸೇ.

ಕಾನೂನು ಇದನ್ನು ಕಂಡಿದೆ. 2013ರ ಕಂಪನಿ ಕಾಯಿದೆಯ 144ನೆಯ ಕಲಮು ಆಡಿಟರು ಅದೇ ಕಂಪನಿಗೆ ಮಾಡಬಾರದ ಕೆಲಸಗಳ ಪಟ್ಟಿ ಕೊಡುತ್ತದೆ: ಪುಸ್ತಕ ಬರೆಯುವುದು, ಆಂತರಿಕ ಆಡಿಟ್, ಹಣಕಾಸಿನ ಮಾಹಿತಿ ವ್ಯವಸ್ಥೆ ರೂಪಿಸುವುದು, ಹೂಡಿಕೆ ಸಲಹೆ ಇತ್ಯಾದಿ. ತೆರಿಗೆಯ ಕೆಲಸ ಆ ಪಟ್ಟಿಯಲ್ಲಿಲ್ಲ. 139ನೆಯ ಕಲಮಿನಂತೆ ಷೇರುಪೇಟೆಯಲ್ಲಿ ನೋಂದಾಯಿಸಿದ ಲಿಸ್ಟೆಡ್ ಕಂಪನಿಗಳಲ್ಲೂ ದೊಡ್ಡ ಗಾತ್ರದ ಇತರ ಕಂಪನಿಗಳಲ್ಲೂ ಒಬ್ಬ ವ್ಯಕ್ತಿ 5 ವರ್ಷ, ಒಂದು ಸಂಸ್ಥೆ 10 ವರ್ಷ ಮಾತ್ರ ಆಡಿಟರಾಗಿರಬಹುದು. ಮತ್ತೆ ಬರಬೇಕಾದರೆ 5 ವರ್ಷ ದೂರವಿರಬೇಕು. ಮಸಾಲೆ ಕಂಪನಿಯಂಥ ಸಣ್ಣ ಖಾಸಗಿ ಕಂಪನಿಗಳಿಗೆ ಈ ಸರದಿ ತಟ್ಟುವುದಿಲ್ಲ. ಬ್ಯಾಂಕಿಗೆ ಕೊಟ್ಟ ಪಟ್ಟಿಗೂ ಪುಸ್ತಕಕ್ಕೂ ತಾಳೆಯಾಗುತ್ತದೆಯೇ ಎಂದು ಆಡಿಟರು ವರದಿಯಲ್ಲಿ ಹೇಳಲೇಬೇಕೆಂದು ಆಡಿಟ್ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಕೇಂದ್ರ ಸರ್ಕಾರದ ಕಾರೋ 2020 ಆದೇಶ ವಿಧಿಸಿದೆ, ಅದೂ ಬ್ಯಾಂಕುಗಳಿಂದ ಸಿಕ್ಕ ದುಡಿಯುವ ಬಂಡವಾಳದ ಮಿತಿ 5 ಕೋಟಿ ದಾಟಿದ ಕಂಪನಿಗಳಲ್ಲಿ. ಆ ಕಲಮನ್ನು ಮೊದಲ ಸಲ ಓದಿದ ದಿನ, ಇದು 2011ರಲ್ಲಿ ಇದ್ದಿದ್ದರೆ ನನಗೆ ಆಸರೆಯಾಗುತ್ತಿತ್ತಲ್ಲ ಎಂದುಕೊಂಡೆ. ಕಾನೂನು ಬರೆಯಲೇಬೇಕೆಂದಾಗ ಆಡಿಟರಿಗೆ ಒಂದು ಬಲ ಬರುತ್ತದೆ. "ನಾನು ಬರೆಯುತ್ತೇನೆ" ಎನ್ನುವ ಬದಲು "ಬರೆಯದೆ ಇರುವಂತಿಲ್ಲ" ಎನ್ನಬಹುದು.

ಕಷ್ಟ ಬಂದಾಗ ರಾಜೀನಾಮೆ ಕೊಟ್ಟು ಹೊರಬೀಳುವ ದಾರಿಯೂ ಈಗ ಮೊದಲಿನಷ್ಟು ಸಲೀಸಲ್ಲ. ನಮ್ಮದೇ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿದ್ದ, ರಸ್ತೆ ಮೊದಲಾದ ದೊಡ್ಡ ಕಾಮಗಾರಿಗಳಿಗೆ ಹಣ ಒದಗಿಸುತ್ತಿದ್ದ ಐಎಲ್‌ಆಂಡ್‌ಎಫ್‌ಎಸ್ 2018ರಲ್ಲಿ 91,000 ಕೋಟಿಗೂ ಮಿಕ್ಕ ಸಾಲದೊಂದಿಗೆ ಕುಸಿದ ಮೇಲೆ ಅದರ ಹಣಕಾಸು ಕಂಪನಿಯ ಆಡಿಟರುಗಳ ಮೇಲೆ ಕೇಂದ್ರ ಸರ್ಕಾರ, ವಂಚನೆಗೆ ನೆರವಾದ ಆಡಿಟರನ್ನು ಬದಲಿಸಲು ಅವಕಾಶ ಕೊಡುವ 140(5)ನೆಯ ಕಲಮಿನಡಿ ನ್ಯಾಯಮಂಡಳಿಗೆ ಹೋಯಿತು. ರಾಜೀನಾಮೆ ಕೊಟ್ಟವರಿಗೆ ಅದು ಅನ್ವಯಿಸದೆಂದು ಬಾಂಬೆ ಹೈಕೋರ್ಟು 2020ರಲ್ಲಿ ಹೇಳಿತು; 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿ, ಬಿಟ್ಟುಹೋದ ಮಾತ್ರಕ್ಕೆ ನಡಾವಳಿ ನಿಲ್ಲದು ಎಂದಿತು. ಇದು ಸರಿಯಾದ ತೀರ್ಪು ಎಂದೇ ನನ್ನ ಅಭಿಪ್ರಾಯ. 2018ರ ಅಕ್ಟೋಬರ್‌ನಲ್ಲಿ ಆಡಿಟರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಎನ್‌ಎಫ್‌ಆರ್‌ಎ ಬಂದ ಮೇಲೆ ದೊಡ್ಡ ಕಂಪನಿಗಳ ಆಡಿಟ್ ಕಡತಗಳನ್ನು ಹೊರಗಿನವರು ಬಿಚ್ಚಿ ನೋಡುವಂತಾಗಿದೆ. ಆ ಭಯವೂ ಬೇಕಾದದ್ದೇ.

ಆದರೆ ಇವೆಲ್ಲದರ ಕೆಳಗೆ 142ನೆಯ ಕಲಮು ಕೂತಿದೆ. ಅದರಂತೆ ಆಡಿಟರ ಫೀಸನ್ನು ನಿಗದಿ ಮಾಡಬೇಕಾದದ್ದು ಷೇರುದಾರರ ಮಹಾಸಭೆ, ಇಲ್ಲವೇ ಅದು ಹೇಳಿದ ರೀತಿ. ವಾಸ್ತವದಲ್ಲಿ ಮಹಾಸಭೆ ಅದನ್ನು ನಿರ್ದೇಶಕರಿಗೆ ಬಿಟ್ಟುಕೊಡುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿಯೇ ಬೆಳೆದವರು ನಾವು. ಕಾನೂನಿನ ಲೆಕ್ಕದಲ್ಲಿ ಆಡಿಟರು ಉಣ್ಣುವುದು ಷೇರುದಾರರ ಮನೆಯಲ್ಲಿ. ಬಡಿಸುವ ಕೈ ಮಾತ್ರ ನಿರ್ದೇಶಕರದ್ದು. ಆ ಕೈಯನ್ನೇ ಮನೆಯೆಂದುಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ನಾನು ಬಲ್ಲೆ.

ಸಹಕಾರಿ ಬ್ಯಾಂಕುಗಳಲ್ಲಿ ಉಣಿಸುವ ಮನೆ ಇನ್ನೂ ದೊಡ್ಡದು, ಅಲ್ಲಿ ಠೇವಣಿದಾರರೇ ಮನೆಯವರು. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಪಂಜಾಬ್ ಆಂಡ್ ಮಹಾರಾಷ್ಟ್ರ ಕೋಆಪರೇಟಿವ್ (ಪಿಎಂಸಿ) ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮೊದಲಿಗೆ ಒಬ್ಬರು 1,000 ರೂಪಾಯಿ ಮಾತ್ರ ತೆಗೆಯಬಹುದಾಗಿತ್ತು. ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಕೊಟ್ಟ ಸುಮಾರು 6,500 ಕೋಟಿಯ ಸಾಲವನ್ನು 21,000ಕ್ಕೂ ಹೆಚ್ಚು ಸುಳ್ಳು ಖಾತೆಗಳ ಹಿಂದೆ ಮರೆಮಾಡಲಾಗಿತ್ತು ಎಂಬುದು ಆಮೇಲೆ ಹೊರಬಂದ ಆರೋಪ. ಮುಂಬೈಯ ಎಷ್ಟೋ ಹೌಸಿಂಗ್ ಸೊಸೈಟಿಗಳ ಠೇವಣಿ ಅಲ್ಲಿ ಸಿಕ್ಕಿಹಾಕಿಕೊಂಡಿತು. 2021ರ ಏಪ್ರಿಲ್‌ನ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳನ್ನೂ ಸೇರಿಸಿ ಆಡಿಟರ ಅವಧಿಯನ್ನು 3 ವರ್ಷಕ್ಕೆ ಮಿತಿಗೊಳಿಸಿ, ಆಮೇಲೆ 6 ವರ್ಷ ದೂರವಿರಬೇಕೆಂದು ಹೇಳಿತು. 15,000 ಕೋಟಿ ಮತ್ತು ಮೇಲಿನ ಆಸ್ತಿಯಿರುವಲ್ಲಿ ಕನಿಷ್ಠ ಎರಡು ಸಂಸ್ಥೆಗಳು ಜಂಟಿಯಾಗಿ ಆಡಿಟ್ ಮಾಡಬೇಕೆಂದಿತು. ಸಲುಗೆ ಬೆಳೆಯದಿರಲು ಇದು ಒಳ್ಳೆಯದು. ಆದರೆ ಹೊಸ ಬ್ಯಾಂಕಿನ ಒಳಗು ಅರಿಯಲು ಆಡಿಟರಿಗೆ ಮೊದಲ ವರ್ಷ ಪೂರ್ತಿ ಬೇಕಾಗುತ್ತದೆ, ಮೂರರಲ್ಲಿ ಒಂದು ವರ್ಷ ಹಾಗೆ ಹೋಗುತ್ತದೆ. ಆ ಮೊದಲ ವರ್ಷಕ್ಕೆ ಹೆಚ್ಚಿನ ಗಂಟೆಗಳು ಬೇಕು, ಹೆಚ್ಚಿನ ಫೀಸು ಬೇಕು ಎಂದು ಯಾವ ಆಡಳಿತ ಮಂಡಳಿಯೂ ಒಪ್ಪಿದ್ದನ್ನು ನಾನು ಕಂಡಿಲ್ಲ.

ನಾನಿರುವ ಮುಲುಂಡಿನ ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ಕಳೆದ ವರ್ಷ ನೀರಿನ ಟ್ಯಾಂಕರಿನ ಮೇಲೆ ಮುಕ್ಕಾಲು ಗಂಟೆ ಚರ್ಚೆಯಾಯಿತು. ಆಡಿಟರ ನೇಮಕದ ವಿಷಯ ಬಂದಾಗ ಒಬ್ಬರು ಎದ್ದು, 12,000 ಯಾಕೆ, 8,000ಕ್ಕೆ ಮಾಡುವವರಿದ್ದಾರೆ ಎಂದರು. ಕೈ ಎತ್ತಲು ಹೊರಟಿದ್ದವರ ನಡುವೆ, ಮುಂದಿನ ಸಾಲಿನಲ್ಲಿ ಕೂತಿದ್ದ ಧಾರವಾಡದ ಕಡೆಯ ಹಿರಿಯ ಮಹಿಳೆಯೊಬ್ಬರು, ನಿವೃತ್ತ ಶಿಕ್ಷಕಿ, ಮರಾಠಿಯಲ್ಲಿ ಕಾರ್ಯದರ್ಶಿಯನ್ನು ಕೇಳಿದರು: ಹೋದ ವರ್ಷ ಆಡಿಟರು ನಮ್ಮ ಆಫೀಸಿನಲ್ಲಿ ಎಷ್ಟು ದಿನ ಕೂತಿದ್ದರು? ಕಾರ್ಯದರ್ಶಿ ನೆನಪಿಸಿಕೊಂಡು, ಅರ್ಧ ದಿನ ಎಂದರು. ಹಾಗಾದರೆ 8,000ಕ್ಕೆ ಎಷ್ಟು ದಿನ ಕೂರುತ್ತಾರೆ ಎಂದು ಆಕೆ ಮತ್ತೆ ಕೇಳಿದಾಗ ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಮೂವತ್ತು ವರ್ಷಗಳಲ್ಲಿ ನಾನು ಕೂತ ಯಾವ ಮಹಾಸಭೆಯಲ್ಲೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ನಮ್ಮ ಕಂಪನಿಗಳ ವಾರ್ಷಿಕ ವರದಿಯಲ್ಲಿ ಆಡಿಟರಿಗೆ ಕೊಟ್ಟ ಹಣವನ್ನು ಆಡಿಟಿಗೆ ಇಷ್ಟು, ತೆರಿಗೆಯ ಕೆಲಸಕ್ಕೆ ಇಷ್ಟು, ಇತರ ಸೇವೆಗಳಿಗೆ ಇಷ್ಟು ಎಂದು ಬಿಡಿಸಿ ತೋರಿಸುತ್ತಾರೆ. ಲಿಸ್ಟೆಡ್ ಕಂಪನಿ ಹೊಸ ಆಡಿಟರನ್ನು ನೇಮಿಸುವಾಗ ಫೀಸಿನಲ್ಲಿ ದೊಡ್ಡ ಬದಲಾವಣೆಯಿದ್ದರೆ ಕಾರಣ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮವಿದೆ. ಗಂಟೆಗಳು ಮಾತ್ರ ಎಲ್ಲಿಯೂ ಇಲ್ಲ. ದಕ್ಷಿಣ ಕೊರಿಯಾದಲ್ಲಿ ಫೀಸಿನ ಜೊತೆಗೆ ಆಡಿಟಿಗೆ ಹಿಡಿದ ಗಂಟೆಗಳನ್ನೂ ಪ್ರಕಟಿಸುತ್ತಾರೆ. ಅಲ್ಲಿ ಲಿಸ್ಟೆಡ್ ಕಂಪನಿಗಳು 6 ವರ್ಷ ತಾವೇ ಆಡಿಟರನ್ನು ಆರಿಸಿಕೊಂಡರೆ ಮುಂದಿನ 3 ವರ್ಷ ಸರ್ಕಾರಿ ಪ್ರಾಧಿಕಾರ ಗೊತ್ತುಮಾಡಿದವರನ್ನು ಒಪ್ಪಬೇಕೆಂಬ ನಿಯಮವನ್ನೂ ತಂದಿದ್ದಾರೆ. ಎರಡನೆಯದು ನಮ್ಮಲ್ಲಿ ಒಳ್ಳೆಯ ಫಲ ಕೊಟ್ಟೀತೇ ಎಂಬ ಬಗ್ಗೆ ನನಗೆ ಸಂದೇಹವಿದೆ. ಗೊತ್ತುಮಾಡುವವರ ಸುತ್ತ ಹೊಸ ಸಲುಗೆಗಳು ಹುಟ್ಟಿಕೊಳ್ಳುತ್ತವೆ. ಮೊದಲನೆಯದಕ್ಕೆ ಒಂದು ಸಾಲಿನ ತಿದ್ದುಪಡಿ ಸಾಕು. ಫೀಸಿನ ಪಕ್ಕದಲ್ಲಿ ಗಂಟೆ ಬರೆಯಿರಿ, ಹಿಂದಿನ ವರ್ಷದ ಗಂಟೆಯನ್ನೂ ಬರೆಯಿರಿ. 40,000ದ ಆಡಿಟ್ 15,000ಕ್ಕೆ ಇಳಿದಾಗ ಏನು ಇಳಿಯಿತು ಎಂಬುದು ಓದಿದ ಯಾರಿಗೂ ತಿಳಿಯುತ್ತದೆ.

ನನ್ನ ಆಫೀಸಿನಲ್ಲಿ ಈಗ ಎರಡು ಕಟ್ಟುಪಾಡುಗಳಿವೆ. ಯಾವ ಕ್ಲೈಂಟಿನ ಪಾಲೂ ಒಟ್ಟು ಆದಾಯದಲ್ಲಿ ನೂರಕ್ಕೆ ಹತ್ತನ್ನು ದಾಟಬಾರದು. ದಾಟುವಂತಾದಾಗ ತೆರಿಗೆಯ ಕೆಲಸವನ್ನು ಬಿಟ್ಟುಕೊಡುತ್ತೇವೆ. ಇನ್ನೊಂದು, ಫೀಸಿನ ಪ್ರಸ್ತಾವದ ಜೊತೆಗೆ ಗಂಟೆಗಳ ಪಟ್ಟಿಯನ್ನೂ ಕೊಡುತ್ತೇವೆ: ದೃಢೀಕರಣ ಪತ್ರಗಳಿಗೆ ಇಷ್ಟು, ಗೋದಾಮಿಗೆ ಇಷ್ಟು, ಸಂಬಳದ ಪರಿಶೀಲನೆಗೆ ಇಷ್ಟು, ನನ್ನದು ಇಷ್ಟು. ಇದರಿಂದ ಕೆಲವರು ಬಿಟ್ಟುಹೋಗಿದ್ದಾರೆ. ಈ ಏಪ್ರಿಲ್‌ನಲ್ಲಿ ಹೋಟೆಲುಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರ ಎರಡನೆಯ ತಲೆಮಾರಿನ ಹುಡುಗ, ತಂದೆಯಿಂದ ವ್ಯವಹಾರ ವಹಿಸಿಕೊಂಡವನು, ಪಟ್ಟಿ ಹಿಡಿದು ಬಂದು ಎದುರು ಕೂತ. ಫೀಸು 10,000 ಇಳಿಸಬೇಕು, ಯಾವ ಗಂಟೆಗಳನ್ನು ಬಿಡಬಹುದು ಹೇಳಿ ಅಂಕಲ್ ಎಂದ. ಸಾಲು ಸಾಲಾಗಿ ನೋಡುತ್ತ ಹೋದೆವು. ಸಂಬಳದ ಪರಿಶೀಲನೆಯಲ್ಲಿ ಆರು ಗಂಟೆ ಉಳಿಸಬಹುದು ಎಂದು ನಾನೇ ತೋರಿಸಿದೆ, ಅವರ ಹೊಸ ತಂತ್ರಾಂಶದಿಂದ ಆ ಕೆಲಸ ಹಗುರಾಗಿತ್ತು. ವಾಶಿಯ ಗೋದಾಮಿನ ಎದುರು ಹದಿನಾರು ಗಂಟೆ ಎಂದಿತ್ತು. ಅವನು ಅಲ್ಲಿ ಪೆನ್ನು ನಿಲ್ಲಿಸಿ, ಇದರಲ್ಲಿ ನಿಮ್ಮವರು ಏನು ಮಾಡುತ್ತಾರೆ ಎಂದು ಕೇಳಿದ. ಥಪ್ಪಿಯ ಮೇಲೆ ಹತ್ತುತ್ತಾರೆ ಎಂದೆ, ಯಾಕೆ ಹತ್ತಬೇಕೆಂಬುದನ್ನೂ ಹೇಳಿದೆ. ಅವನು ಆ ಸಾಲನ್ನು ಹಾಗೆಯೇ ಬಿಟ್ಟು ಮುಂದಿನ ಸಾಲಿಗೆ ಹೋದ.